ಪೆಡಸು ಲೋಹದ ಹಾರಾಟ



ನೂರು ಮಿಲಿಮೀಟರ್ ಉದ್ದದ ಒಂದು ಲೋಹದ ಸರಳನ್ನು ಯಂತ್ರದ ಎರಡು ಹಿಡಿಕೆಗಳ ನಡುವೆ ಸಿಕ್ಕಿಸಿ ಎಳೆಯುತ್ತಾ ಹೋದೆವೆನ್ನಿ. ಮೆತು ಉಕ್ಕಾದರೆ ಇಪ್ಪತ್ತು ಮಿಲಿಮೀಟರಿಗೂ ಹೆಚ್ಚು ಹಿಗ್ಗಿ, ನಡು ಸಣ್ಣಗಾಗಿ, ಆಮೇಲೆ ಕಡಿಯುತ್ತದೆ. ವಿಮಾನಗಳಲ್ಲಿ ಬಳಸುವ ಮಾಮೂಲಿ ಟೈಟಾನಿಯಂ ಮಿಶ್ರಲೋಹ ಹತ್ತು ಮಿಲಿಮೀಟರಿನ ಆಸುಪಾಸಿನವರೆಗೆ ತಾಳುತ್ತದೆ. ನಾನು ಇವತ್ತು ಮಾತಾಡಲು ಹೊರಟಿರುವ ಲೋಹ ಒಂದು ಮಿಲಿಮೀಟರ್, ಬಹಳವೆಂದರೆ ಎರಡು ಮಿಲಿಮೀಟರ್ ಹಿಗ್ಗುವಷ್ಟರಲ್ಲಿ ಟಕ್ಕನೆ ಎರಡು ತುಂಡಾಗುತ್ತದೆ. ಬಾಗುವುದು, ಸಣ್ಣಗಾಗುವುದು, ಮುನ್ಸೂಚನೆ ಕೊಡುವುದು ಅದಕ್ಕೆ ಗೊತ್ತಿಲ್ಲ. ಇಷ್ಟು ಪೆಡಸಾದ ಲೋಹವನ್ನು ವಿಮಾನದ ಎಂಜಿನ್ನಿನೊಳಗೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರದ ಅಂಚಿನಲ್ಲಿ, ಉರಿಯುವ ಅನಿಲದ ದಾರಿಯಲ್ಲೇ ಕೂರಿಸಿದ್ದಾರೆ. 2011ರಿಂದ ಈಚೆಗೆ ಅದು ಆಕಾಶದಲ್ಲಿದೆ. ಏಕೆ ಕೂರಿಸಿದರು, ಯಾವ ಧೈರ್ಯದ ಮೇಲೆ ಕೂರಿಸಿದರು ಎನ್ನುವುದೇ ಇವತ್ತಿನ ಮಾತು.

ಲೋಹದ ಹೆಸರು ಟೈಟಾನಿಯಂ ಅಲ್ಯುಮಿನೈಡ್. ಪರಮಾಣುಗಳನ್ನು ಎಣಿಸಿದರೆ ಹೆಚ್ಚುಕಡಿಮೆ ಅರ್ಧ ಟೈಟಾನಿಯಂ, ಅರ್ಧ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪರಮಾಣು ಹಗುರವಾದ್ದರಿಂದ ತಕ್ಕಡಿಯಲ್ಲಿ ತೂಗಿದರೆ ಅದರ ಪಾಲು ಮೂರರಲ್ಲಿ ಒಂದು ಭಾಗ ಮಾತ್ರ.

ಏಕೆ ಎನ್ನುವುದಕ್ಕೆ ಉತ್ತರ ತೂಕದಲ್ಲಿದೆ. ಜೆಟ್ ಎಂಜಿನ್ನಿನ ಮುಂಭಾಗ ತಣ್ಣಗಿರುತ್ತದೆ, ಹಿಂಭಾಗ ಸುಡುತ್ತದೆ. ಮುಂದಿನ ಬೀಸಣಿಗೆಗೂ ಗಾಳಿ ಒತ್ತುವ ಭಾಗಕ್ಕೂ ಟೈಟಾನಿಯಂ ಸಾಕು. ಆದರೆ ಮಾಮೂಲಿ ಟೈಟಾನಿಯಂ ಮಿಶ್ರಲೋಹಗಳ ಕೈಲಾಗುವುದು ಹೆಚ್ಚೆಂದರೆ 600 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದಕ್ಕೂ ಮೇಲೆ ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೈಮೇಲೆ ಒಡಕಲು ಪದರ ಬೆಳೆಸಿಕೊಳ್ಳುತ್ತದೆ, ಸತತ ಎಳೆತಕ್ಕೆ ನಿಧಾನವಾಗಿ ಉದ್ದವಾಗುತ್ತಾ ಹೋಗುತ್ತದೆ, ಕೆಟ್ಟ ಸಂದರ್ಭದಲ್ಲಿ ಹೊತ್ತಿಕೊಂಡು ಉರಿಯಲೂಬಹುದು. ಹಾಗಾಗಿ ಬೆಂಕಿಯ ಆಚೆಗಿನ ಟರ್ಬೈನ್ ಪೂರ್ತಿ ನಿಕಲ್ ಮಿಶ್ರಲೋಹಗಳ ಸಾಮ್ರಾಜ್ಯ. ಎರಡನೇ ಮಹಾಯುದ್ಧದ ಕಾಲದಿಂದ ಅಲ್ಲಿ ನಿಕಲ್ಲಿನದೇ ದರ್ಬಾರು. ಅದರ ಬಗ್ಗೆ ದೂರು ಒಂದೇ, ತೂಕ. ನೀರಿಗಿಂತ ಎಂಟು ಪಟ್ಟು ಭಾರ. ಟೈಟಾನಿಯಂ ಅಲ್ಯುಮಿನೈಡ್ ಸುಮಾರು ನಾಲ್ಕು ಪಟ್ಟು. ಅಂದರೆ ಅದೇ ಅಳತೆಯ ಬ್ಲೇಡು ಅರ್ಧ ತೂಕಕ್ಕೆ ಇಳಿಯುತ್ತದೆ.

ಬ್ಲೇಡ್ ಹಗುರವಾದರೆ ಉಳಿತಾಯ ಬ್ಲೇಡಿನಲ್ಲೇ ಮುಗಿಯುವುದಿಲ್ಲ. ತಿರುಗುವ ಚಕ್ರದ ಅಂಚಿನಲ್ಲಿರುವ ಪ್ರತಿ ಗ್ರಾಮೂ ಹೊರಕ್ಕೆ ಎಳೆಯುತ್ತದೆ. ಆ ಎಳೆತವನ್ನು ಹಿಡಿದಿಡುವುದು ಬ್ಲೇಡುಗಳನ್ನು ಹೊತ್ತ ದಪ್ಪ ಚಕ್ರ. ಬ್ಲೇಡಿನ ಎಳೆತ ಅರ್ಧವಾದರೆ ಚಕ್ರವನ್ನು ತೆಳ್ಳಗೆ ಮಾಡಬಹುದು. ಚಕ್ರ ತೆಳ್ಳಗಾದರೆ ಶಾಫ್ಟು, ಬೇರಿಂಗು, ಅವನ್ನು ಹಿಡಿದ ಚೌಕಟ್ಟು, ಬ್ಲೇಡು ಮುರಿದರೆ ಹೊರಗೆ ಹಾರದಂತೆ ತಡೆಯುವ ಹೊರಕವಚ, ಎಲ್ಲವೂ ಒಂದಿಷ್ಟು ಇಳಿಯುತ್ತವೆ. ಟರ್ಬೈನಿನ ಕೊನೆಯ ಸಾಲುಗಳಲ್ಲಿ ಅನಿಲ ಒಂದಿಷ್ಟು ತಣಿದಿರುತ್ತದೆ, ಬ್ಲೇಡುಗಳು ಎಲ್ಲಕ್ಕಿಂತ ಉದ್ದವಾಗಿರುತ್ತವೆ. ಬಿಸಿ 750 ಡಿಗ್ರಿಯೊಳಗೆ, ತೂಕ ಮಾತ್ರ ಸಿಕ್ಕಾಪಟ್ಟೆ. ಟೈಟಾನಿಯಂ ಅಲ್ಯುಮಿನೈಡಿಗೆ ಹೇಳಿ ಮಾಡಿಸಿದ ಜಾಗ ಅದು.

ಈಗ ಅದರ ಒಳಗುಟ್ಟಿಗೆ ಬರೋಣ. ಮಾಮೂಲಿ ಮಿಶ್ರಲೋಹದಲ್ಲಿ ಬೆರೆಸಿದ ಪರಮಾಣು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುತ್ತದೆ. ಇಲ್ಲಿ ಹಾಗಲ್ಲ. ಹರಳಿನೊಳಗೆ ಒಂದು ಹಾಳೆ ಪೂರ್ತಿ ಟೈಟಾನಿಯಂ, ಅದರ ಮೇಲಿನ ಹಾಳೆ ಪೂರ್ತಿ ಅಲ್ಯೂಮಿನಿಯಂ, ಮತ್ತೆ ಟೈಟಾನಿಯಂ, ಹೀಗೆ ಕಟ್ಟುನಿಟ್ಟಿನ ಪಂಕ್ತಿ. ಲೋಹ ಹಿಗ್ಗಬೇಕಾದರೆ ಹರಳಿನ ಪದರಗಳು ಒಂದರ ಮೇಲೊಂದು ಜಾರಬೇಕು. ಪಂಕ್ತಿ ಇಷ್ಟು ಬಿಗಿಯಾಗಿದ್ದರೆ ಒಂದು ಹೆಜ್ಜೆ ಜಾರಿದ ಕೂಡಲೇ ಟೈಟಾನಿಯಂ ಇರಬೇಕಾದಲ್ಲಿ ಅಲ್ಯೂಮಿನಿಯಂ ಬರುತ್ತದೆ, ಅದನ್ನು ಹರಳು ಒಪ್ಪುವುದಿಲ್ಲ. ಬಿಸಿಯಲ್ಲೂ ಪರಮಾಣುಗಳು ತಮ್ಮ ಜಾಗ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ. 700 ಡಿಗ್ರಿಯಲ್ಲೂ ಬಲ ಉಳಿಯುವುದಕ್ಕೆ ಕಾರಣ ಇದು. ಕೋಣೆಯ ಶಾಖದಲ್ಲಿ ಟಕ್ಕನೆ ಮುರಿಯುವುದಕ್ಕೂ ಕಾರಣ ಇದೇ. ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿರುವಾಗ ದೋಷವನ್ನು ಮಾತ್ರ ಕಿತ್ತು ಹಾಕುವುದು ಹೇಗೆ? ಲೋಹಶಾಸ್ತ್ರಜ್ಞರು ಸುಮಾರು ಐವತ್ತು ವರ್ಷ ಒದ್ದಾಡಿದ್ದು ಇಲ್ಲಿಯೇ.

1950ರ ದಶಕದಲ್ಲೇ ಅಮೆರಿಕದಲ್ಲಿ ಇದನ್ನು ಬಿಸಿಗೆ ಒದಗುವ ಲೋಹವೆಂದು ಗುರುತಿಸಿದ್ದರು. ಪೆಡಸು ನೋಡಿ ಕೈಬಿಟ್ಟರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ವಾಯುಪಡೆ ಒಹಾಯೋದ ರೈಟ್-ಪ್ಯಾಟರ್ಸನ್ ನೆಲೆಯ ಪ್ರಯೋಗಾಲಯದಲ್ಲಿ ಮತ್ತೆ ಕೈಗೆತ್ತಿಕೊಂಡಿತು. ಅಲ್ಲಿನ ಸಂಶೋಧಕ ಹ್ಯಾರಿ ಲಿಪ್ಸಿಟ್ ಜೊತೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕುಳಿತು ಈ ಹರಳು ಹೇಗೆ ಜಾರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿದವರಲ್ಲಿ ಇಸ್ರೇಲಿನಿಂದ ಬಂದಿದ್ದ ಯುವಕ ಡಾನ್ ಶೆಖ್ಟ್‌ಮನ್ ಒಬ್ಬರು. ಮುಂದೆ 1982ರಲ್ಲಿ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಯಾರೂ ನಂಬದ ಅರೆಹರಳುಗಳನ್ನು ಕಂಡು, 2011ರಲ್ಲಿ ನೊಬೆಲ್ ಪಡೆದವರು ಇವರೇ. ಜಗತ್ತು ಅವರನ್ನು ಅರೆಹರಳಿನಿಂದ ಗುರುತಿಸುತ್ತದೆ. ನಮ್ಮ ಲೋಹದವರು ಮಾತ್ರ ಅದಕ್ಕೂ ಹಿಂದಿನ ಆ ಲೇಖನಗಳನ್ನು ಇನ್ನೂ ತೆಗೆದು ಓದುತ್ತಾರೆ.

ನಿಜವಾದ ಮುನ್ನಡೆ ಎಂಬತ್ತರ ದಶಕದ್ದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯದಲ್ಲಿ ಷಿ-ಚಿನ್ ಹುವಾಂಗ್ ಒಂದೊಂದೇ ಬೆರಕೆಯನ್ನು ಕರಗಿಸಿ, ಎರಕ ಹೊಯ್ದು, ಮುರಿದು ನೋಡಿದರು. ಅಲ್ಯೂಮಿನಿಯಂ ಸರಿಯಾಗಿ ಅರ್ಧ ಇರಬಾರದು, ನೂರಕ್ಕೆ 48ರ ಸುತ್ತ ಇರಬೇಕು. ಎರಡು ಪಾಲು ಕ್ರೋಮಿಯಂ ಸೇರಿದರೆ ಒಂದಿಷ್ಟು ಹಿಗ್ಗುವ ಗುಣ ಬರುತ್ತದೆ. ಎರಡು ಪಾಲು ನಯೋಬಿಯಂ ಸೇರಿದರೆ ಬಿಸಿಗಾಳಿಯಲ್ಲಿ ಮೈ ಕೆಡುವುದು ತಗ್ಗುತ್ತದೆ. ಲೋಹದವರ ಬಾಯಲ್ಲಿ ಇದು 48-2-2. ಹೆಸರಿನಲ್ಲಿ ಕವಿತೆಯಿಲ್ಲ, ನಿಜ, ಆದರೆ ಇವತ್ತಿಗೂ ಅತಿ ಹೆಚ್ಚು ಹಾರುತ್ತಿರುವ ಟೈಟಾನಿಯಂ ಅಲ್ಯುಮಿನೈಡ್ ಇದೇ.

ಅಲ್ಯೂಮಿನಿಯಂ ಅರ್ಧಕ್ಕಿಂತ ತುಸು ಕಡಿಮೆ ಇರಬೇಕೆನ್ನುವುದಕ್ಕೆ ಕಾರಣವಿದೆ. ಹಾಗೆ ಕಡಿಮೆಯಾದಾಗ ಲೋಹ ತಣಿಯುತ್ತಾ ಎರಡು ಬಗೆಯ ಹರಳುಗಳಾಗಿ ಒಡೆದುಕೊಳ್ಳುತ್ತದೆ. ಹೆಚ್ಚಿನದು ನಾನು ಆಗಲೇ ಹೇಳಿದ ಪಂಕ್ತಿಯ ಹರಳು. ಉಳಿದದ್ದು ಟೈಟಾನಿಯಂ ಹೆಚ್ಚಿರುವ ಇನ್ನೊಂದು. ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲ, ಮದುವೆ ಮನೆಯ ಚಿರೋಟಿಯನ್ನು ನೆನಪಿಸಿಕೊಳ್ಳಿ. ಹಾಗೆಯೇ ತೆಳು ಪದರಗಳು, ಒಂದರ ಮೇಲೊಂದು, ಆದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೋ ಅದಕ್ಕೂ ಸಣ್ಣವೋ. ಈ ಪದರಗಳು ಹೇಗಿರಬೇಕು ಎನ್ನುವುದರಲ್ಲಿ ದೊಡ್ಡ ಜಟಾಪಟಿ. ಲೋಹವೆಲ್ಲ ಪದರಮಯವಾದರೆ ಬಿಸಿಯಲ್ಲಿ ಚೆನ್ನಾಗಿ ತಾಳುತ್ತದೆ, ಬಿರುಕನ್ನು ತಡೆಯುತ್ತದೆ, ಆದರೆ ಹಿಗ್ಗುವುದಿಲ್ಲ. ಪದರವೂ ಸಣ್ಣ ಕಾಳುಗಳೂ ಬೆರೆತರೆ ಹಿಗ್ಗುತ್ತದೆ, ಬಿಸಿಯಲ್ಲಿ ತಾಳಿಕೆ ಕಡಿಮೆ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಈ ಲೋಹ ಇವತ್ತಿಗೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ.

ಮೈಮೇಲಿನ ಪದರದ ಕತೆ ಬೇರೆಯೇ. ಅಲ್ಯೂಮಿನಿಯಂ ಅರ್ಧದಷ್ಟಿದೆಯಲ್ಲ, ಬಿಸಿಯಾದಾಗ ಗಟ್ಟಿಯಾದ ಅಲ್ಯೂಮಿನಾ ಹೊದಿಕೆ ತಾನಾಗಿ ಬೆಳೆದು ಲೋಹವನ್ನು ಕಾಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆಮ್ಲಜನಕದ ಮೇಲೆ ಟೈಟಾನಿಯಂಗೂ ಅಷ್ಟೇ ಆಸೆ. ಎರಡೂ ಪೈಪೋಟಿಗೆ ಬಿದ್ದು, ಎರಡರ ಆಕ್ಸೈಡೂ ಬೆರೆತ ಹೊದಿಕೆ ಬೆಳೆಯುತ್ತದೆ. ಅದು ಕಾಯುವುದಿಲ್ಲ, ದಪ್ಪವಾಗುತ್ತಲೇ ಹೋಗುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟಿನ ಡೆಕೆಮಾ ಸಂಸ್ಥೆಯಲ್ಲಿ ಇದಕ್ಕೊಂದು ಚಂದದ ಉಪಾಯ ಬೆಳೆಸಿದರು. ಮೇಲ್ಮೈಗೆ ತೀರಾ ಅತ್ಯಲ್ಪ ಫ್ಲೋರಿನ್ ಸೋಕಿಸುವುದು. ಬಿಸಿಯಾದಾಗ ಫ್ಲೋರಿನ್ ಅಲ್ಯೂಮಿನಿಯಂ ಒಂದನ್ನೇ ಆರಿಸಿ, ಅನಿಲದ ರೂಪದಲ್ಲಿ ಹೊರಕ್ಕೆ ಸಾಗಿಸುತ್ತದೆ. ಮೇಲೆ ಬಂದ ಅಲ್ಯೂಮಿನಿಯಂ ಆಮ್ಲಜನಕ ಕಂಡು ಅಲ್ಯೂಮಿನಾ ಆಗುತ್ತದೆ. ಬಿಡುಗಡೆಯಾದ ಫ್ಲೋರಿನ್ ಮತ್ತೆ ಒಳಕ್ಕೆ ಹೋಗಿ ಮತ್ತಷ್ಟು ಹೊತ್ತು ತರುತ್ತದೆ. ಈ ಸೂಕ್ಷ್ಮವನ್ನು ಕಂಡವರ ಬುದ್ಧಿಗೆ ನಾನಂತೂ ತಲೆಬಾಗುತ್ತೇನೆ.

ಬೆರಕೆ ಸಿಕ್ಕಿತು, ಇನ್ನೇನು ಬ್ಲೇಡು ಮಾಡುವುದೊಂದೇ ಬಾಕಿ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ಎರಕದ ಮನೆಯನ್ನು ನೋಡಿದವರಲ್ಲ. ಕರಗಿದ ಟೈಟಾನಿಯಂ ಅಲ್ಯುಮಿನೈಡ್ 1500 ಡಿಗ್ರಿ ದಾಟಿರುತ್ತದೆ. ಆ ಸ್ಥಿತಿಯಲ್ಲಿ ಅದು ಮುಟ್ಟಿದ್ದನ್ನೆಲ್ಲ ತಿನ್ನುತ್ತದೆ. ಸುಟ್ಟ ಮಣ್ಣಿನ ಮೂಸೆಯಲ್ಲಿಟ್ಟರೆ ಮೂಸೆಯ ಆಮ್ಲಜನಕವನ್ನೇ ಕಿತ್ತುಕೊಂಡು ತಾನೂ ಕೆಡುತ್ತದೆ. ಅದಕ್ಕಾಗಿ ತಾಮ್ರದ ಮೂಸೆ ಬಳಸುತ್ತಾರೆ. ತಾಮ್ರ 1100 ಡಿಗ್ರಿಗೂ ಮೊದಲೇ ಕರಗುವ ಲೋಹವಲ್ಲವೆ ಎನ್ನುತ್ತೀರಿ, ಸರಿಯೇ. ಆದರೆ ಆ ತಾಮ್ರದ ಗೋಡೆಯೊಳಗೆ ತಣ್ಣೀರು ಹರಿಯುತ್ತಿರುತ್ತದೆ. ಗೋಡೆ ಮುಟ್ಟಿದ ಲೋಹ ಅಲ್ಲೇ ಹೆಪ್ಪುಗಟ್ಟಿ ಸಿಪ್ಪೆಯಾಗುತ್ತದೆ, ಆ ಸಿಪ್ಪೆಯೊಳಗೆ ಉಳಿದದ್ದು ಕರಗಿ ನಿಲ್ಲುತ್ತದೆ. ತನ್ನದೇ ಲೋಹದ ಬಟ್ಟಲು. ಇದೆಲ್ಲ ನಿರ್ವಾತದಲ್ಲಿ ನಡೆಯಬೇಕು.

ಈ ಉಪಾಯಕ್ಕೂ ದಂಡ ತೆರಬೇಕು. ನೀರಿನ ಗೋಡೆ ಶಾಖವನ್ನು ಹೀರುತ್ತಲೇ ಇರುವುದರಿಂದ ಲೋಹವನ್ನು ಕರಗುವ ಬಿಂದುವಿಗಿಂತ ಬಹಳ ಹೆಚ್ಚು ಕಾಯಿಸಲಾಗುವುದಿಲ್ಲ. ಅಚ್ಚಿಗೆ ಹೊಯ್ದ ಕೂಡಲೇ ಗಟ್ಟಿಯಾಗಲು ಶುರು. ಬ್ಲೇಡಿನ ತೆಳು ಅಂಚುಗಳವರೆಗೆ ಹರಿಯುವಷ್ಟು ಪುರುಸೊತ್ತೇ ಇಲ್ಲ. ಮೊದಮೊದಲು ಅಚ್ಚನ್ನು ದಪ್ಪಕ್ಕೆ ಮಾಡಿ, ಹೆಚ್ಚುವರಿ ಲೋಹವನ್ನು ಆಮೇಲೆ ಕೊರೆದು ತೆಗೆದರು. ಪೆಡಸು ಲೋಹವನ್ನು ಕೊರೆಯುವಾಗ ಆತುರಪಟ್ಟರೆ ಮೇಲ್ಮೈಯಲ್ಲೇ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಇಷ್ಟು ಕಷ್ಟಪಟ್ಟು ಬೆರೆಸಿದ ಲೋಹದ ಬಹುಪಾಲು ಪುಡಿಯಾಗಿ ಗುಡಿಸಿಹೋಗುವುದನ್ನು ಯಾವ ಕಂಪನಿಯ ಲೆಕ್ಕಪತ್ರದವರು ಸಹಿಸುತ್ತಾರೆ ಹೇಳಿ.

1993ರಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನ ಸಿಎಫ್6 ಎಂಜಿನ್ನೊಂದರಲ್ಲಿ ಟರ್ಬೈನಿನ ಒಂದು ಇಡೀ ಸಾಲಿಗೆ 48-2-2 ಬ್ಲೇಡುಗಳನ್ನು ಹಾಕಿ, ನೆಲದ ಮೇಲೆ ಹಾರಾಟದ ಅನುಕರಣೆಯಲ್ಲಿ ಸಾವಿರಕ್ಕೂ ಹೆಚ್ಚು ಸಲ ಓಡಿಸಿತು. ಬ್ಲೇಡುಗಳು ಜಗ್ಗಲಿಲ್ಲ. ಆದರೂ ಪ್ರಯಾಣಿಕರ ವಿಮಾನದ ಬಾಗಿಲು ತೆರೆಯಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು. ನಡುವೆ ರಸ್ತೆಯ ಮೇಲೆ ಒಂದು ಸಣ್ಣ ಗೆಲುವು ಕಂಡಿತು. 1999ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ ತನ್ನ ಲ್ಯಾನ್ಸರ್ ಇವಲ್ಯೂಷನ್ ಕಾರಿನ ಟರ್ಬೋಚಾರ್ಜರ್ ಚಕ್ರವನ್ನು ಈ ಲೋಹದಲ್ಲಿ ಮಾಡಿತು. ಹಗುರ ಚಕ್ರ ಬೇಗ ವೇಗ ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಜಿಗಿಯುತ್ತದೆ. ಕಾರಿನಲ್ಲಿ ಚಕ್ರ ಮುರಿದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ವಿಮಾನದ ಮಾತು ಹಾಗಲ್ಲ.

ಆ ಹದಿನೆಂಟು ವರ್ಷಗಳಲ್ಲಿ ಬೆರಕೆ ಬದಲಾಗಲಿಲ್ಲ, ಎಂಜಿನಿಯರರ ಯೋಚನೆ ಬದಲಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಮುಖ್ಯವೆನಿಸುವುದು ಈ ಅಧ್ಯಾಯವೇ. ನಿಕಲ್ ಬ್ಲೇಡಿನಲ್ಲಿ ಬಿರುಕು ಹುಟ್ಟಿದರೆ ಅದು ನಿಧಾನವಾಗಿ ಬೆಳೆಯುತ್ತದೆ. ತಪಾಸಣೆಯಲ್ಲಿ ಕಣ್ಣಿಗೆ ಬೀಳುತ್ತದೆ, ಬದಲಾಯಿಸಲು ಸಮಯವಿರುತ್ತದೆ. ಇಲ್ಲಿ ಬಿರುಕು ಒಮ್ಮೆ ಬೆಳೆಯಲು ಶುರು ಮಾಡಿದರೆ ಬೇಗ ಮುಗಿಸಿಬಿಡುತ್ತದೆ. ಹಾಗಾಗಿ ಕಾದು ನೋಡುವ ಲೆಕ್ಕಾಚಾರವನ್ನೇ ಬಿಟ್ಟರು. ತಯಾರಿಕೆಯಲ್ಲಿ ಉಳಿದುಹೋಗಬಹುದಾದ ಅತಿ ದೊಡ್ಡ ದೋಷ ಎಷ್ಟಿರಬಹುದೆಂದು ಅಂದಾಜು ಹಾಕಿ, ಆ ದೋಷವೂ ಒಂದಿಷ್ಟೂ ಬೆಳೆಯದಷ್ಟು ಕಡಿಮೆ ಒತ್ತಡಕ್ಕೆ ಬ್ಲೇಡನ್ನು ರೂಪಿಸಿದರು. ಜೊತೆಗೆ ಕ್ಲೀವ್‌ಲ್ಯಾಂಡಿನ ನಾಸಾ ಕೇಂದ್ರದಲ್ಲಿ ಬಿಸಿ ಮಾಡಿದ ತುಣುಕುಗಳಿಗೆ ಸಣ್ಣ ಉಕ್ಕಿನ ಗುಂಡುಗಳನ್ನು ಹೊಡೆದು, ಎಂಥ ಪೆಟ್ಟಿಗೆ ಎಷ್ಟು ಬಿರುಕು, ಆ ಬಿರುಕಿನ ಮೇಲೂ ಎಷ್ಟು ಕಾಲ ಬಾಳುತ್ತದೆ ಎಂದು ಅಳೆದರು. ಹಿಗ್ಗಲಾರದ ಲೋಹವನ್ನು ಹಿಗ್ಗುವ ಲೋಹದ ನಿಯಮಕ್ಕೆ ಎಳೆಯುವುದನ್ನು ಬಿಟ್ಟು, ಅದರ ಸ್ವಭಾವಕ್ಕೆ ತಕ್ಕ ನಿಯಮ ಬರೆದರು ಅನ್ನಬಹುದು.

ಹೀಗೆ ಜನರಲ್ ಎಲೆಕ್ಟ್ರಿಕ್‌ನ ಜಿಇಎನ್ಎಕ್ಸ್ ಎಂಜಿನ್ನಿನ ಕಡಿಮೆ ಒತ್ತಡದ ಟರ್ಬೈನಿನ ಕೊನೆಯ ಸಾಲುಗಳಿಗೆ 48-2-2 ಬಂತು. 2011ರ ಅಕ್ಟೋಬರಿನಲ್ಲಿ ಬೋಯಿಂಗ್ 747-8 ಸರಕು ವಿಮಾನದೊಡನೆ ಸೇವೆಗೆ ಇಳಿಯಿತು. ಮರುವರ್ಷ 787 ಡ್ರೀಮ್‌ಲೈನರ್‌ಗಳಲ್ಲೂ ಬಂತು. 2012ರ ಸೆಪ್ಟೆಂಬರಿನಲ್ಲಿ ಏರ್ ಇಂಡಿಯಾಕ್ಕೆ ಬಂದ ಮೊದಲ ಡ್ರೀಮ್‌ಲೈನರ್‌ಗೂ ಇದೇ ಎಂಜಿನ್. ಹಾಗಾಗಿ ಕೇಳುಗರಲ್ಲಿ ಕೆಲವರಾದರೂ ಈ ಲೋಹದ ನೆರವಿನಿಂದ ಸಮುದ್ರ ದಾಟಿರುತ್ತೀರಿ.

ಯೂರೋಪಿನವರು ಬೇರೆ ದಾರಿ ಹಿಡಿದರು. ಮ್ಯೂನಿಕ್‌ನ ಎಂಟಿಯು ಕಂಪನಿಯೂ ಆಸ್ಟ್ರಿಯಾದ ಲಿಯೋಬೆನ್ ವಿಶ್ವವಿದ್ಯಾಲಯವೂ ಸೇರಿ ಟಿಎನ್‌ಎಂ ಎಂಬ ಬೆರಕೆ ತಂದವು. ಅಲ್ಯೂಮಿನಿಯಂ 43.5ಕ್ಕೆ ಇಳಿಯಿತು, ನಯೋಬಿಯಂ ಮತ್ತು ಮಾಲಿಬ್ಡಿನಂ ಸೇರಿದವು, ಕಾಳು ಸಣ್ಣಗಾಗಲೆಂದು ಚಿಟಿಕೆ ಬೋರಾನ್. ಕಾಯಿಸಿದಾಗ ಇದರಲ್ಲಿ ಮೆತ್ತನೆಯ ಮೂರನೇ ಹರಳೊಂದು ಹುಟ್ಟುವುದರಿಂದ ಎರಕ ಮಾತ್ರವಲ್ಲ, ಬಡಿದು ರೂಪ ಕೊಡಲೂ ಬರುತ್ತದೆ. ಈ ಬ್ಲೇಡುಗಳು ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಗೇರಿರುವ ಹೊಸ ಎಂಜಿನ್ನಿಗೆ, ಅದರ ಕಡಿಮೆ ಒತ್ತಡದ ಟರ್ಬೈನಿನ ಮೂರನೇ ಸಾಲಿಗೆ ಹೋದವು. 2016ರ ಜನವರಿಯಲ್ಲಿ ಈ ಎಂಜಿನ್ ಹೊತ್ತ ಏರ್‌ಬಸ್ ಎ320 ನಿಯೋ ಸೇವೆಗೆ ಬಂತು. ಅದೇ ಮಾರ್ಚಿನಲ್ಲಿ ಇಂಡಿಗೋ ತನ್ನ ಮೊದಲ ನಿಯೋ ಪಡೆಯಿತು.

2019ರ ಅಕ್ಟೋಬರಿನ ಕೊನೆಯ ದಿನಗಳಲ್ಲಿ ನಮ್ಮ ದೇಶದ ಆಕಾಶದಲ್ಲಿ ಈ ಎಂಜಿನ್ನುಗಳು ಒಂದಾದ ಮೇಲೊಂದು ಕೈಕೊಟ್ಟವು. ವಿಮಾನಗಳು ಸುರಕ್ಷಿತವಾಗಿ ಇಳಿದವು, ಆದರೆ ಮೂರನೇ ಸಾಲಿನ ಬ್ಲೇಡುಗಳು ಮುರಿದಿದ್ದವು. ನವೆಂಬರ್ ಮೊದಲ ವಾರದಲ್ಲೇ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಬ್ಲೇಡು ಬದಲಾದ ಎಂಜಿನ್ನುಗಳನ್ನು 2020ರ ಜನವರಿ 31ರೊಳಗೆ ಹಾಕಿಸಲೇಬೇಕೆಂದು ಇಂಡಿಗೋಗೆ ತಾಕೀತು ಮಾಡಿತು. ಆ ಗಡುವು ಆಮೇಲೆ ಮೇ ಕೊನೆಯವರೆಗೆ ಮುಂದೆ ಹೋಯಿತು. ಅಮೆರಿಕದ ವಿಮಾನಯಾನ ಪ್ರಾಧಿಕಾರವೂ ಇದೇ ಬ್ಲೇಡು ಬದಲಿಸಲು ಆದೇಶ ಹೊರಡಿಸಿತು. ಮುಂದಿನ ಸಾಲುಗಳಿಂದ ಏನಾದರೂ ಚೂರು ಕಿತ್ತು ಬಂದು ಬಡಿದರೆ ಈ ಬ್ಲೇಡು ತಾಳುತ್ತಿರಲಿಲ್ಲ. ಅದರ ಜಾಗಕ್ಕೆ ಬಂದದ್ದು ಹಳೆಯ ಯಜಮಾನ ನಿಕಲ್.

ಹಾಗಾದರೆ ಲೋಹವೇ ಕೆಟ್ಟದ್ದೆ? ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಯನ್ನು ಹೀಗೆ ಕೇಳಬಾರದು. ಜಿಇಎನ್ಎಕ್ಸ್‌ನಲ್ಲಿ ಇದರ ಅಣ್ಣತಮ್ಮಂದಿರು ಹಾರುತ್ತಲೇ ಇದ್ದಾರೆ. ಅಲ್ಲಿ ಟರ್ಬೈನಿಗೂ ಬೀಸಣಿಗೆಗೂ ಒಂದೇ ಶಾಫ್ಟು, ದೊಡ್ಡ ಬೀಸಣಿಗೆಯ ನಿಧಾನಕ್ಕೆ ಟರ್ಬೈನೂ ಒಗ್ಗಿಕೊಳ್ಳಬೇಕು. ಗೇರಿರುವ ಎಂಜಿನ್ನಿನಲ್ಲಿ ಟರ್ಬೈನು ತನ್ನ ವೇಗಕ್ಕೆ ತಾನು, ಬೀಸಣಿಗೆಗಿಂತ ಸುಮಾರು ಮೂರು ಪಟ್ಟು ಜೋರಾಗಿ ತಿರುಗುತ್ತದೆ. ಮೂರೇ ಸಾಲಿನಲ್ಲಿ ಕೆಲಸ ಮುಗಿಯುವುದು ಈ ವೇಗದಿಂದಲೇ. ಆದರೆ ಅಡ್ಡ ಬಂದ ಚೂರಿಗೆ ಬ್ಲೇಡು ಬಡಿಯುವ ರಭಸ ವೇಗದ ವರ್ಗದಷ್ಟು ಏರುತ್ತದೆ. ಪೆಡಸು ವಸ್ತುವಿಗೆ ಎಳೆತಕ್ಕಿಂತ ಪೆಟ್ಟು ದೊಡ್ಡ ಶತ್ರು. ಗುಂಡು ಹೊಡೆದು ನೋಡುವ ಪ್ರಯೋಗಗಳು ಎಷ್ಟು ಮುಖ್ಯವೆನ್ನುವುದು ಆ ಕೆಲವು ವಾರಗಳಲ್ಲಿ ನಮ್ಮ ಪ್ರಯಾಣಿಕರಿಗೂ, ತಮಗೆ ಗೊತ್ತಿಲ್ಲದೆಯೇ, ಅನುಭವಕ್ಕೆ ಬಂತು.

ನಮ್ಮ ದೇಶದವರ ಪಾಲು ಇದರಲ್ಲಿ ಏನೂ ಇಲ್ಲವೆ ಎಂದು ಕೇಳಿದರೆ, ಇದೆ, ದೊಡ್ಡದೇ ಇದೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯದಲ್ಲಿ ದೀಪಂಕರ್ ಬ್ಯಾನರ್ಜಿ ಮತ್ತು ಅವರ ಸಂಗಡಿಗರು 1988ರಲ್ಲಿ ಟೈಟಾನಿಯಂ, ಅಲ್ಯೂಮಿನಿಯಂ, ನಯೋಬಿಯಂ ಮೂರೂ ತಮ್ಮತಮ್ಮ ಜಾಗದಲ್ಲಿ ಪಂಕ್ತಿಯಾಗಿ ಕೂತ ಒಂದು ಹೊಸ ಹರಳನ್ನು ಗುರುತಿಸಿದರು. ಎರಡು ಪಾಲು ಟೈಟಾನಿಯಂ, ಒಂದು ಪಾಲು ಅಲ್ಯೂಮಿನಿಯಂ, ಒಂದು ಪಾಲು ನಯೋಬಿಯಂ. ಜಗತ್ತಿನ ಲೋಹದವರು ಅದನ್ನು 'ಓ ಫೇಸ್' ಎಂದು ಕರೆಯುತ್ತಾರೆ. ಇದು 48-2-2ಗಿಂತ ಭಾರ, ಅಷ್ಟು ಬಿಸಿಗೂ ಹೋಗಲಾರದು, ಆದರೆ ಅದರಷ್ಟು ಪೆಡಸಲ್ಲ. ಈ ಒಂದು ಕಂಡುಹಿಡಿಕೆಯಿಂದ ಮಿಶ್ರಲೋಹಗಳ ಒಂದು ಕುಟುಂಬವೇ ಬೆಳೆಯಿತು. ಬ್ಯಾನರ್ಜಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಆದರೆ ಹರಳು ಗುರುತಿಸುವುದು ಬೇರೆ, ಅದರಿಂದ ಒಂದೇ ಥರದ ಸಾವಿರಾರು ಬ್ಲೇಡು ಮಾಡುವುದು ಬೇರೆ. ಎರಡನೆಯದಕ್ಕೆ ಹಾರುವ ಎಂಜಿನ್ನೊಂದು ಕೈಯಲ್ಲಿರಬೇಕು. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯ ಕಾವೇರಿ ಎಂಜಿನ್ ತೇಜಸ್ ವಿಮಾನವನ್ನು ಹೊತ್ತು ಹಾರುವ ಹಂತಕ್ಕೆ ಬರಲಿಲ್ಲ. ತೇಜಸ್ ಹಾರುವುದು ಜನರಲ್ ಎಲೆಕ್ಟ್ರಿಕ್‌ನ ಎಂಜಿನ್ನಿನಿಂದ. ಕೇರಳದ ಚವರದಲ್ಲಿ ಮರಳಿನಿಂದ ಟೈಟಾನಿಯಂ ತೆಗೆಯುವ ಕಾರ್ಖಾನೆ 2011ರಲ್ಲಿ ಶುರುವಾದದ್ದು ಹೈದರಾಬಾದಿನ ಅದೇ ಸಂಶೋಧನಾಲಯದ ತಂತ್ರಜ್ಞಾನದಿಂದ. ಅದರ ಸಾಮರ್ಥ್ಯ ವರ್ಷಕ್ಕೆ 500 ಟನ್. ಮರಳೂ ನಮ್ಮದು, ಹರಳೂ ನಮ್ಮದು. ನಡುವಿನ ಎರಕದ ಮನೆಗೆ ನಾವು ಕೊಟ್ಟ ಗಮನ ಸಾಲದು ಎಂದೇ ನನ್ನ ತಕರಾರು.

ಎರಕದ ಮನೆಯನ್ನೇ ತಪ್ಪಿಸುವ ಯತ್ನವೂ ನಡೆದಿದೆ. ಇಟಲಿಯ ಕ್ಯಾಮೆರಿ ಎಂಬ ಊರಿನಲ್ಲಿ ಅವಿಯೋ ಏರೋ ಕಂಪನಿ ಈ ಬ್ಲೇಡುಗಳನ್ನು ಪುಡಿಯಿಂದ ಮುದ್ರಿಸುತ್ತದೆ. ನಿರ್ವಾತದಲ್ಲಿ ಲೋಹದ ಪುಡಿ ಹರಡಿ, ಎಲೆಕ್ಟ್ರಾನ್ ಕಿರಣದಿಂದ ಬೇಕಾದಲ್ಲಿ ಮಾತ್ರ ಕರಗಿಸಿ, ಮತ್ತೆ ಪುಡಿ ಹರಡಿ, ಪದರದ ಮೇಲೆ ಪದರ ಕಟ್ಟುತ್ತಾರೆ. ಬಿರುಕು ಬಿಡದಿರಲೆಂದು ಇಡೀ ಪುಡಿಯ ಹಾಸನ್ನು 1000 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿಟ್ಟಿರುತ್ತಾರೆ. ನಿರ್ವಾತದಲ್ಲಿ ಕಿರಣ ಬಿದ್ದಲ್ಲಿ ಅಲ್ಯೂಮಿನಿಯಂ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಆ ನಷ್ಟವನ್ನು ಲೆಕ್ಕಹಾಕಿ ಪುಡಿಯಲ್ಲೇ ಮೊದಲು ತುಸು ಹೆಚ್ಚು ಬೆರೆಸಿರಬೇಕು. ಬೋಯಿಂಗ್ 777ಎಕ್ಸ್‌ಗೆಂದು ಮಾಡಿದ, 2020ರಲ್ಲಿ ಪ್ರಮಾಣಪತ್ರ ಪಡೆದ ಜಿಇ9ಎಕ್ಸ್ ಎಂಜಿನ್ನಿನ ಕೊನೆಯ ಸಾಲುಗಳು ಹೀಗೆ ಮುದ್ರಿಸಿದವು.

ಇನ್ನು ಪೆಡಸಿನ ಬೇರಿಗೇ ಕೈ ಹಾಕಿದವರ ಸಂಗತಿ. 2016ರಲ್ಲಿ ಚೀನಾದ ನಾನ್‌ಜಿಂಗ್ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ಗುವಾಂಗ್ ಚೆನ್ ತಂಡ, ನಯೋಬಿಯಂ ಹೆಚ್ಚಿರುವ ಬೆರಕೆಯಿಂದ ಒಂದೇ ಹರಳಿನ ಸರಳುಗಳನ್ನು ಬೆಳೆಸಿತು. ಒಳಗಿನ ಪದರಗಳೆಲ್ಲ ಎಳೆತದ ದಿಕ್ಕಿಗೆ ಸಮನಾಗಿ ಉದ್ದಕ್ಕೆ ಮಲಗುವಂತೆ ನೋಡಿಕೊಂಡಿತು. ಕೋಣೆಯ ಶಾಖದಲ್ಲಿ ಅದು ಸರಾಸರಿ ನೂರಕ್ಕೆ 6.9ರಷ್ಟು ಹಿಗ್ಗಿತು. ಬಲವೂ ತಗ್ಗಲಿಲ್ಲ, 900 ಡಿಗ್ರಿಯಲ್ಲೂ ತಾಳಿಕೆ ಚೆನ್ನಾಗಿತ್ತು. ಬ್ಲೇಡಿನ ಮೇಲೆ ಬೀಳುವ ಎಳೆತವೂ ಮುಖ್ಯವಾಗಿ ಅದರ ಉದ್ದಕ್ಕೇ ಇರುವುದರಿಂದ ಇದು ಬಳಕೆಗೆ ಬಂದೀತೆಂಬ ಆಸೆ ಸಹಜ. ತೊಡಕಿರುವುದು ಬ್ಲೇಡಿನ ಬುಡದಲ್ಲಿ. ಚಕ್ರದ ಕಚ್ಚಿಗೆ ಸಿಕ್ಕಿಕೊಳ್ಳುವ ಆ ಜಾಗದಲ್ಲಿ ಬಲ ಒಂದೇ ದಿಕ್ಕಿನಿಂದ ಬರುವುದಿಲ್ಲ, ಅಡ್ಡಕ್ಕೂ ಬರುತ್ತದೆ, ತಿರುಚುತ್ತಲೂ ಬರುತ್ತದೆ. ಈ ಹರಳನ್ನು ಪದರಗಳಿಗೆ ಅಡ್ಡಲಾಗಿ ಎಳೆದರೆ ಮಾತ್ರ ಅದು ತನ್ನ ಹಳೆಯ ಬುದ್ಧಿಯನ್ನೇ ತೋರಿಸುತ್ತದೆ.